ಕೊಳಗದ ಕೆಳಗಿನ ಫೋನು

"ಇದು ಆರು?" ಹೆತ್ತೆ ಕೇಳಿದಳು.

"ಆರು ಅಂದರೆ? ನೀನೇ, ಹೆತ್ತೇ!" ನಿವೇತಾಗೆ ನಗು ಬಂತು.

ಹುಬ್ಬತಲೈ ಎಂಬ ಬೆಟ್ಟದ ಹಟ್ಟಿಯ ಮಾತಿನಲ್ಲಿ ಆರು ಎಂದರೆ ಯಾರು; ಅಲ್ಲಿನ ಮಕ್ಕಳು ಅಜ್ಜಿಯನ್ನು ಹೆತ್ತೆ ಎಂದೇ ಕರೆಯುತ್ತಾರೆ. ನಿವೇತಾಳ ಹೆತ್ತೆಯ ಹೆಸರು ರಂಗಿ. ಅವಳು ಫೋನನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ತನ್ನದೇ ಫೋಟೋ ನೋಡುತ್ತಿದ್ದಳು.

"ನಾನಾದರೆ ಎನ್ನ ಹಣೆ ಎಲ್ಲಿ ಹೋತು?"

ನಿವೇತಾ ಫೋನು ತೆಗೆದುಕೊಂಡು ನೋಡಿದಳು. ತಲೆಗೆ ಕಟ್ಟಿದ ಬಿಳಿ ಬಟ್ಟೆಯ ಪಟ್ಟು ಇತ್ತು. ಮೂಗುತಿ ಇತ್ತು. ಆದರೆ ಹಣೆ ತೊಳೆದ ತಟ್ಟೆಯ ಹಾಗೆ ನುಣ್ಣಗಿತ್ತು. ಸುಕ್ಕು ಒಂದೂ ಇಲ್ಲ. ಹಚ್ಚೆಯೂ ಇಲ್ಲ!

ಹೆತ್ತೆಯ ಹಣೆಯಲ್ಲಿ ಹಸಿರುನೀಲಿ ಹಚ್ಚೆ ಇದೆ. ಹುಬ್ಬುಗಳ ನಡುವಿನಿಂದ ಮೇಲಕ್ಕೆ ಒಂದು ಗೆರೆ, ಅದರ ಎರಡೂ ಪಕ್ಕ ಚುಕ್ಕಿಗಳು. ಹಳೆಯದಾಗಿ ಮಾಸಿದೆ, ಆದರೂ ಹತ್ತಿರ ಕೂತರೆ ಒಂದೊಂದು ಚುಕ್ಕಿಯನ್ನೂ ಎಣಿಸಬಹುದು. ಹಟ್ಟಿಯಲ್ಲಿ ಈಗ ಅಂಥ ಹಣೆ ಇರುವುದು ಮೂವರಿಗೆ ಮಾತ್ರ.

ಶಾಲೆಯಲ್ಲಿ ಶುಕ್ರವಾರ 'ನಮ್ಮ ಹಿರಿಯರು' ಪ್ರದರ್ಶನ. ಐದನೇ ಕ್ಲಾಸಿನ ಎಲ್ಲರೂ ಮನೆಯ ಹಿರಿಯರೊಬ್ಬರ ಫೋಟೋ ತರಬೇಕು, ಅವರು ಮಾತಾಡಿದ ಮೂರು ನಿಮಿಷದ ರೆಕಾರ್ಡಿಂಗ್ ತರಬೇಕು. ಹಚ್ಚೆ ಹಾಕಿಸಿಕೊಂಡ ದಿನದ ಕತೆ ಹೇಳುತ್ತೇನೆಂದು ಹೆತ್ತೆ ಮಾತು ಕೊಟ್ಟಿದ್ದಳು. ಆ ಕತೆಯನ್ನು ಅವಳು ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಫೋನು ಅಳಿಸಿಬಿಟ್ಟಿದೆ," ಎಂದಳು ಹೆತ್ತೆ ನಿಧಾನವಾಗಿ. "ಎನ್ನ ಕೇಳದೆ."

ಅದೇ ಹೊತ್ತಿಗೆ ಸುಧಾಕರನ್ ಕುನ್ನಪ್ಪ ಒಳಗೆ ಬಂದ. ಕುನ್ನಪ್ಪ ಎಂದರೆ ಚಿಕ್ಕಪ್ಪ, ಅಪ್ಪನ ತಮ್ಮ. ಪಕ್ಕದ ಮನೆ ಅವನದು. ಟೀ ಅಂಗಡಿಯ ಪೇಪರನ್ನು ಸಂಜೆ ಮನೆಗೆ ತಂದು, ಎಲ್ಲರಿಗೂ ಓದಿ ಹೇಳುವುದು ಅವನ ಅಭ್ಯಾಸ. ಅವನು ಫೋಟೋ ನೋಡಿದ, ಫೋನಿನ ಹಿಂಬದಿ ತಿರುಗಿಸಿ ನೋಡಿದ.

"ಫಾರಿನ್ ಕಂಪನಿ ಅಲ್ಲವಾ? ನಾನು ಅಣ್ಣನಿಗೆ ಮೊದಲೇ ಹೇಳಿದ್ದೆ. ಇವತ್ತಿನ ಪೇಪರಲ್ಲೇ ಬಂದಿದೆ, ಕೇಳಿ." ಅವನು ಗಂಟಲು ಸರಿಮಾಡಿಕೊಂಡು ಓದಿದ. "ವಿದೇಶಿ ಫೋನುಗಳು: ನಿಮ್ಮ ಮಾತು ಯಾರ ಕಿವಿಗೆ? ಕೆಲವು ಫೋನುಗಳಲ್ಲಿ ಬೇಡದ ಪದಗಳ ಪಟ್ಟಿಯೇ ಇದೆಯಂತೆ. ಮಾಲೀಕರಿಗೆ ಗೊತ್ತಿಲ್ಲದೆ ಮಾಹಿತಿ ಹೊರಗೆ ಹೋಗುತ್ತದೆ ಎಂಬ ಆತಂಕ..."

"ಅಂದರೆ ನಾವು ಮಾತಾಡುವುದನ್ನ ಕೇಳ್ತದೆ?" ಹೆತ್ತೆ ಕೇಳಿದಳು.

"ಕೇಳ್ತದೆ, ನೋಡ್ತದೆ, ಬೇಡದ್ದನ್ನ ಅಳಿಸ್ತದೆ. ನಿನ್ನ ಹಣೆಯೇ ಸಾಕ್ಷಿ, ಅವ್ವೆ!"

ಹೆತ್ತೆ ಎದ್ದಳು. ಅಕ್ಕಿ ಅಳೆಯುವ ಹಿತ್ತಾಳೆಯ ಕೊಳಗವನ್ನು ಒಳಮನೆಯಿಂದ ತಂದಳು. ಫೋನನ್ನು ಗೋಡೆಯ ಗೂಡಿನಲ್ಲಿಟ್ಟು, ಅದರ ಮೇಲೆ ಕೊಳಗವನ್ನು ಬೋರಲು ಹಾಕಿದಳು.

"ಈಗ ಕೇಳಲಿ," ಎಂದಳು.

"ಹೆತ್ತೇ, ಕತೆ? ಶುಕ್ರವಾರಕ್ಕೆ ಬೇಕು!"

"ಅದರ ಮುಂದೆ ಎನಗೆ ಬಾಯಿ ಬರುದಿಲ್ಲ, ಕೂಸೇ."

ಅಂದು ರಾತ್ರಿ ಹೆತ್ತೆ ಒಲೆಯ ಹತ್ತಿರ ಪಿಸುಗುಟ್ಟಿಯೇ ಮಾತಾಡಿದಳು. ಕೊಳಗದ ಕೆಳಗೆ ಫೋನು ರಿಂಗಾದಾಗ ಗಂಟೆ ಬಾರಿಸಿದಂತೆ ಕೇಳಿಸಿತು. ಅದು ಕೂನೂರಿನಿಂದ ಅಪ್ಪ ಮಾಡಿದ ಕಾಲ್. ನಿವೇತಾಳ ಅವ್ವೆ ಓಡಿಬಂದು ಕೊಳಗ ಎತ್ತುವಷ್ಟರಲ್ಲಿ ಕಟ್ಟಾಗಿತ್ತು.

*

"ಟೆಸ್ಟ್ ಮಾಡಿ ನೋಡೋಣ," ಎಂದಳು ಭವ್ಯಾ ಮಂಗಳವಾರ ಸಂಜೆ. ಅವಳು ನಿವೇತಾಳ ಕ್ಲಾಸಿನವಳು, ಕೆಳಗಿನ ಸಾಲಿನ ಮನೆಯವಳು. "ನಮಗೆ ಯಾವತ್ತೂ ಬೇಡದ ಒಂದು ವಸ್ತುವಿನ ಹೆಸರು ಹೇಳೋಣ. ಅದರ ಆಡ್ ಬಂದರೆ ಫೋನು ಕೇಳ್ತಿದೆ ಅಂತ ಅರ್ಥ."

"ಏನು ಹೇಳೋದು?"

ಭವ್ಯಾ ಯೋಚಿಸಿದಳು. "ಒಂಟೆ!"

ಅವರು ಫೋನನ್ನು ಟೀ ಗಿಡಗಳ ಬದಿಯ ಕಲ್ಲಿನ ಮೇಲೆ ಇಟ್ಟು ಎದುರುಬದುರು ಕೂತರು.

"ನಮಗೆ ಒಂದು ಒಂಟೆ ಬೇಕು," ಎಂದಳು ನಿವೇತಾ ಜೋರಾಗಿ.

"ಹೌದು, ಒಳ್ಳೆ ಒಂಟೆ ಎಲ್ಲಿ ಸಿಗ್ತದೆ? ಆನ್‌ಲೈನಲ್ಲಿ ಸಿಗ್ತದಾ? ಒಂಟೆಗೆ ಆಫರ್ ಉಂಟಾ?"

"ಒಂಟೆ ಮೇಲೆ ಸ್ಕೂಲಿಗೆ ಹೋಗಬಹುದು."

ಮೇಲಿನ ಟೀ ಸಾಲಿನಲ್ಲಿ ಎಲೆ ಕೀಳುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಇವರನ್ನು ನೋಡಿದರು. "ಏನು ಕೂಸುಗಳೇ, ಒಂಟೆ ಕಟ್ಟಲು ಕೊಟ್ಟಿಗೆ ಉಂಟಾ?" ಎಂದು ಒಬ್ಬಳು ಕೂಗಿದಳು. ಎಲ್ಲರೂ ನಕ್ಕರು.

ಅರ್ಧ ಗಂಟೆ ಒಂಟೆಯ ಮಾತಾಯಿತು. ಆಮೇಲೆ ಇಬ್ಬರೂ ಫೋನು ತೆರೆದು ಆಡ್‌ಗಳಿಗೆ ಕಾದರು. ಮೊದಲು ರೇನ್‌ಕೋಟ್ ಬಂತು. ಆಮೇಲೆ ಪ್ರೆಶರ್ ಕುಕ್ಕರ್. ಮತ್ತೆ ರೇನ್‌ಕೋಟ್. ಒಂಟೆ ಬರಲೇ ಇಲ್ಲ.

ನಿವೇತಾ ಒಂದೇ ಉಸಿರಿಗೆ ಮನೆಗೆ ಓಡಿದಳು. "ಹೆತ್ತೇ! ಫೋನು ಕೇಳೋದಿಲ್ಲ! ನಾವು ಟೆಸ್ಟ್ ಮಾಡಿದೆವು!"

ಹೆತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಒಂಟೆಯ ಮಾತು ಬಂದಾಗ ಅವಳಿಗೂ ನಗು ಬಂತು. ಆದರೆ ಕೊನೆಗೆ ತಲೆಯಾಡಿಸಿದಳು.

"ಕದ್ದು ಕೇಳುವವನು ಜಾಣನಾದರೆ, ಕೇಳಿಸಿತು ಅಂತ ತೋರಿಸ್ತಾನಾ?"

ಹೆತ್ತೆ ಕೈ ಚಾಚಿ ಫೋನು ಇಸಿದುಕೊಂಡಳು. ಕೊಳಗ ಮತ್ತೆ ಬೋರಲಾಯಿತು.

*

ಬುಧವಾರ ಮಧ್ಯಾಹ್ನ ಸಿಂಧುಜಾ ಮಿಸ್ ಕೇಳಿದರು, "ನಿವೇತಾ, ನಿನ್ನ ರೆಕಾರ್ಡಿಂಗ್ ಎಲ್ಲಿಗೆ ಬಂತು?"

ನಿವೇತಾ ಎಲ್ಲವನ್ನೂ ಹೇಳಿದಳು. ಹಣೆ, ಪೇಪರ್, ಕೊಳಗ, ಒಂಟೆ. ಒಂಟೆಯ ಮಾತು ಬಂದಾಗ ಮಿಸ್ಸಿನ ತುಟಿ ಸ್ವಲ್ಪ ಅಲುಗಿತು, ಆದರೆ ಅವರು ನಗಲಿಲ್ಲ.

"ಹೆತ್ತೆ ಹೇಳಿದ್ದು ಸರಿ. ನಿಮ್ಮ ಟೆಸ್ಟಿನಿಂದ ಫೋನು ಕೇಳುತ್ತದೆ ಅಂತಲೂ ಗೊತ್ತಾಗೋದಿಲ್ಲ, ಕೇಳೋದಿಲ್ಲ ಅಂತಲೂ ಗೊತ್ತಾಗೋದಿಲ್ಲ. ಪೇಪರಲ್ಲಿ ಪೂರ್ತಿ ಏನಿತ್ತು?"

"ಕುನ್ನಪ್ಪ ಮೊದಲ ಪುಟದ್ದು ಓದಿದ, ಮಿಸ್. ಉಳಿದದ್ದು ಒಂಬತ್ತನೇ ಪುಟದಲ್ಲಿತ್ತು."

"ಹಾಗಾದರೆ ಒಂಬತ್ತನೇ ಪುಟ ತಗೊಂಡು ಬಾ. ಅಪ್ಪ ಅವ್ವೆಯನ್ನು ಕೇಳಿ ಫೋನೂ ತಗೊಂಡು ಬಾ. ನಾನು ಸಂಜೆ ಐದರವರೆಗೆ ಇಲ್ಲೇ ಇರ್ತೀನಿ."

ಒಂಬತ್ತನೇ ಪುಟ ಕುನ್ನಪ್ಪನ ಮನೆಯಲ್ಲಿ ಬಿತ್ತನೆಯ ಬೆಳ್ಳುಳ್ಳಿ ಸುತ್ತಿಕೊಂಡು ಕೂತಿತ್ತು. ನಿವೇತಾ ಬೆಳ್ಳುಳ್ಳಿಯನ್ನು ಮೊರಕ್ಕೆ ಸುರಿದು, ಪುಟವನ್ನು ಕೊಡವಿ, ಅವ್ವೆಯಿಂದ ಫೋನು ಕೇಳಿ ತೆಗೆದುಕೊಂಡು ಶಾಲೆಗೆ ಓಡಿದಳು.

ಮಿಸ್ ಅದನ್ನು ಮೇಜಿನ ಮೇಲೆ ಹರಡಿದರು. "ನೀನೇ ಓದು."

ನಿವೇತಾ ಬೆರಳಿಟ್ಟು ಓದಿದಳು. ಯುರೋಪಿನ ಒಂದು ಸಣ್ಣ ದೇಶದ ಸರ್ಕಾರಿ ತಜ್ಞರು ಕೆಲವು ವಿದೇಶಿ ಫೋನುಗಳನ್ನು ಪರೀಕ್ಷೆ ಮಾಡಿದ್ದರು. ಒಂದು ಫೋನಿನಲ್ಲಿ ತಡೆಯಬೇಕಾದ ಪದಗಳ ಪಟ್ಟಿ ಸಿಕ್ಕಿತ್ತು. ಅಲ್ಲಿ ಮಾರುವ ಫೋನುಗಳಲ್ಲಿ ಅದು ಆಫ್ ಆಗಿತ್ತು, ಆದರೆ ದೂರದಿಂದಲೇ ಆನ್ ಮಾಡಬಹುದು ಎಂದು ತಜ್ಞರು ಹೇಳಿದ್ದರು. ನಾವು ಯಾರ ಮಾತನ್ನೂ ತಡೆದಿಲ್ಲ ಎಂದು ಕಂಪನಿ ಹೇಳಿತ್ತು.

"ಇದರಲ್ಲಿ ಹಣೆಯ ಮಾತು ಉಂಟಾ?"

"ಇಲ್ಲ, ಮಿಸ್."

"ನಿಮ್ಮ ಫೋನು ಆ ಪರೀಕ್ಷೆಯಲ್ಲಿ ಇತ್ತಾ?"

ನಿವೇತಾ ಮತ್ತೆ ಓದಿದಳು. "ಇಲ್ಲ. ಬೇರೆ ಮಾಡೆಲ್."

"ಹಾಗಾದರೆ ನಿಮ್ಮ ಫೋನಿನ ಬಗ್ಗೆ ಈ ಪುಟ ಹೌದು ಅಂತಲೂ ಹೇಳೋದಿಲ್ಲ, ಅಲ್ಲ ಅಂತಲೂ ಹೇಳೋದಿಲ್ಲ. ಈಗ ಹಣೆ ನೋಡೋಣ."

ಮಿಸ್ ಕ್ಯಾಮೆರಾ ತೆರೆದರು. ಮೂಲೆಯಲ್ಲಿ ಸಣ್ಣ ಮುಖದ ಚಿತ್ರ. ಅದನ್ನು ಒತ್ತಿದಾಗ 'ಬ್ಯೂಟಿ' ಎಂದು ಬಂತು, ಅದರ ಮುಂದೆ ಅರವತ್ತು ಎಂಬ ಅಂಕಿ.

"ಯಾರೂ ಮುಟ್ಟದೆ ಹೀಗೇ ಇತ್ತಾ?"

"ನಾನು ಮುಟ್ಟಿಲ್ಲ, ಮಿಸ್."

"ಅಂದರೆ ಕಂಪನಿಯವರೇ ಆನ್ ಮಾಡಿ ಕಳಿಸಿದ್ದಾರೆ. ಮುಖದಲ್ಲಿ ಏನು ಚೆಂದ, ಏನು ಕಲೆ ಅಂತ ಅವರೇ ತೀರ್ಮಾನ ಮಾಡಿದ್ದಾರೆ. ಹಚ್ಚೆಯೂ ಅವರಿಗೆ ಕಲೆ." ಮಿಸ್ ಬೆರಳಿನಿಂದ ಅಂಕಿಯನ್ನು ಸೊನ್ನೆಗೆ ಎಳೆದರು. "ಈಗ ಹೆತ್ತೆಯ ಹಣೆ ವಾಪಸ್ ಬರ್ತದೆ."

ನಿವೇತಾ ಕುಣಿದುಬಿಟ್ಟಳು. ಆದರೆ ಮಿಸ್ ಫೋನು ಕೊಡಲಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಇನ್ನೊಂದು ಪುಟ ತೆರೆದು ತೋರಿಸಿದರು.

"ಯಾವ ಆ್ಯಪ್ ಏನೇನು ನೋಡಬಹುದು ಅಂತ ಇಲ್ಲಿ ಇರ್ತದೆ. ಇದು ಯಾವುದು, ಡಿಸ್ಕೋ ಟಾರ್ಚ್?"

"ಅದು ಏಳು ಬಣ್ಣದ ಲೈಟ್ ಬಿಡ್ತದೆ, ಮಿಸ್. ನಾನೇ ಹಾಕಿದ್ದು."

"ಲೈಟ್ ಬಿಡುವುದಕ್ಕೆ ಇದಕ್ಕೆ ಮೈಕ್ ಬೇಕಾ? ನೀವಿರುವ ಜಾಗ ಬೇಕಾ? ಫೋನಿನಲ್ಲಿರುವ ಎಲ್ಲರ ನಂಬರ್ ಬೇಕಾ? ಮೂರಕ್ಕೂ ಅಲೋ ಅಂತ ಅನುಮತಿ ಕೊಟ್ಟಾಗಿದೆ. ನಿನ್ನೆಯಿಂದ ನಾಲ್ಕು ಸಲ ಇದು ನಿಮ್ಮ ಜಾಗ ನೋಡಿದೆ."

"ಯಾರು ಅಲೋ ಮಾಡಿದ್ದು?" ಎಂದು ಕೇಳುವಷ್ಟರಲ್ಲೇ ನಿವೇತಾಳಿಗೆ ಉತ್ತರ ನೆನಪಾಯಿತು.

ಫೋನು ಬಂದ ದಿನ ಭವ್ಯಾ ಪಕ್ಕದಲ್ಲಿ ಕೂತು ಒಂದು, ಎರಡು, ಮೂರು ಎಂದು ಎಣಿಸಿದ್ದಳು. ಎಷ್ಟು ಬೇಗ ಎಲ್ಲ ಆ್ಯಪ್ ರೆಡಿ ಮಾಡಬಹುದು ಎಂದು ಪಂದ್ಯ. ಪರದೆಯ ಮೇಲೆ ಏನೇನೋ ಪ್ರಶ್ನೆ ಬಂದವು. ನಿವೇತಾ ಒಂದನ್ನೂ ಓದಲಿಲ್ಲ. ಅಲೋ, ಅಲೋ, ಅಲೋ. ಬೇಗ ಮುಗಿಯಿತೆಂದು ಅವ್ವೆ ಅವಳ ತಲೆ ಸವರಿದ್ದಳು.

"ಮಿಸ್, ಇದನ್ನೆಲ್ಲ ಮುಚ್ಚಿದರೆ ಫೋನು ಏನನ್ನೂ ಹೊರಗೆ ಕಳಿಸೋದಿಲ್ಲ, ಅಲ್ಲವಾ?"

ಮಿಸ್ ಪರದೆಯ ಪಟ್ಟಿಯನ್ನು ಕೆಳಗೆ ಸರಿಸಿ ತೋರಿಸಿದರು. "ಕಂಪನಿಯೇ ಹಾಕಿ ಕಳಿಸಿದ ಕೆಲವು ಆ್ಯಪ್‌ಗಳನ್ನು ತೆಗೆಯಲು ಬರೋದಿಲ್ಲ. ಅವು ಒಳಗೆ ಏನು ಮಾಡ್ತವೆ ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೆತ್ತೆಗೆ ಹೇಳಬೇಡ. ಆದರೆ ನಿನ್ನ ಕೈಯಲ್ಲಿರುವ ಬಾಗಿಲು ತುಂಬಾ ಉಂಟು."

*

ಮನೆಗೆ ಹೋಗುವ ದಾರಿಯಲ್ಲಿ ಎರಡು ಕಾಟಿಗಳು ಅಡ್ಡ ನಿಂತಿದ್ದವು. ಆ ದೊಡ್ಡ ಕಾಡುಕೋಣಗಳು ಟೀ ತೋಟದೊಳಗೆ ಇಳಿಯುವವರೆಗೆ ನಿವೇತಾ ದೂರದಲ್ಲೇ ಕಾದಳು. ಬೇರೆ ದಿನವಾಗಿದ್ದರೆ ಅವಳಿಗೆ ಬೇಸರವಾಗುತ್ತಿತ್ತು. ಇವತ್ತು ಅವು ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಅನ್ನಿಸಿತು.

ಹಣೆಯ ವಿಷಯ ಮಾತ್ರ ಹೇಳಿದರೆ ಸಾಕಲ್ಲವಾ? ಟಾರ್ಚಿನ ವಿಷಯ ಯಾರಿಗೂ ಗೊತ್ತಿಲ್ಲ. ಅದನ್ನು ಸದ್ದಿಲ್ಲದೆ ತೆಗೆದುಹಾಕಬಹುದು. ಹೆತ್ತೆ ಕತೆ ಹೇಳಿಯೇ ಹೇಳುತ್ತಾಳೆ.

ಒಳಮನೆಯಲ್ಲಿ ಹೆತ್ತೆ ಅವರೆಕಾಳು ಬಿಡಿಸುತ್ತಿದ್ದಳು. ನಿವೇತಾಳನ್ನು ಕಂಡ ಕೂಡಲೇ ಕೊಳಗಕ್ಕೆ ಕೈ ಚಾಚಿದಳು.

"ತಾಳು ಹೆತ್ತೇ." ನಿವೇತಾ ಎದುರಿಗೆ ಕೂತಳು. "ಹಣೆ ಅಳಿಸಿದ್ದು ಕ್ಯಾಮೆರಾದ ಸೆಟ್ಟಿಂಗ್. ಅದನ್ನ ಮಿಸ್ ಆಫ್ ಮಾಡಿದರು." ಅವಳು ಒಮ್ಮೆ ಉಸಿರು ತೆಗೆದುಕೊಂಡಳು. "ಇನ್ನೊಂದು ಉಂಟು. ಟಾರ್ಚಿನ ಆ್ಯಪ್ ಒಂದಕ್ಕೆ ನಮ್ಮ ಮಾತು ಕೇಳಲು, ನಾವೆಲ್ಲಿದ್ದೇವೆ ನೋಡಲು, ಎಲ್ಲರ ನಂಬರ್ ತೆಗೆಯಲು ಅನುಮತಿ ಇತ್ತು. ಅದು ಕಂಪನಿ ಕೊಟ್ಟದ್ದಲ್ಲ. ನಾನೇ ಕೊಟ್ಟದ್ದು. ಓದದೆ ಒತ್ತಿಬಿಟ್ಟೆ."

ಹೆತ್ತೆಯ ಕೈ ನಿಂತಿತು. "ಎಲ್ಲರ ನಂಬರ್ ಅಂದರೆ? ಪಾಪಾತಿಯದೂ?"

ಪಾಪಾತಿ ಹೆತ್ತೆಯ ಬಾಲ್ಯದ ಗೆಳತಿ. ಈಗ ಕೇತಿಯಲ್ಲಿ ಮಗಳ ಮನೆಯಲ್ಲಿದ್ದಾಳೆ.

"ಹೌದು. ಅವಳದೂ ಇತ್ತು."

"ಅವಳನ್ನ ಆರು ಕೇಳಿದರು?"

ನಿವೇತಾ ತಲೆ ತಗ್ಗಿಸಿದಳು. ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ. ಹೆತ್ತೆ ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನಮ್ಮ ಮನೆಗೆ ಬಂದವರು ಮೊದಲು ಎಲ್ಲಿ ಕೂರ್ತಾರೆ?"

"ಹೊರಮನೆಯಲ್ಲಿ."

"ಒಳಮನೆಗೆ?"

"ನಾವು ಕರೆದರೆ."

"ಹಾಗಾದರೆ ಇದರೊಳಗೆ ಬಂದು ಕೂತವರನ್ನೆಲ್ಲ ಒಬ್ಬೊಬ್ಬರಾಗಿ ಕರಿ. ಎನ್ನ ಮುಂದೆ ನಿಲ್ಲಿಸು. ನಾನು ಕೇಳ್ತೇನೆ."

ಅವ್ವೆಯೂ ಕೈ ಒರೆಸಿಕೊಂಡು ಬಂದು ಕೂತಳು. ನಿವೇತಾ ಪಟ್ಟಿ ತೆರೆದು ಓದತೊಡಗಿದಳು.

"ಡಿಸ್ಕೋ ಟಾರ್ಚ್."

"ಇವನ ಕೆಲಸ ಏನು?"

"ಬೆಳಕು ಬಿಡೋದು."

"ಬೆಳಕು ಬಿಡುವವನಿಗೆ ನಮ್ಮ ನೆಂಟರ ಹೆಸರು ಏಕೆ? ಹೊರಗೆ ಕಳಿಸು. ಹೊರಮನೆಯೂ ಬೇಡ, ಹಟ್ಟಿಯಿಂದಲೇ ಹೊರಗೆ."

ನಿವೇತಾ ಆ್ಯಪನ್ನೇ ತೆಗೆದುಹಾಕಿದಳು. "ವಾಟ್ಸಾಪ್. ಇದಕ್ಕೆ ಮೈಕ್ ಉಂಟು."

"ಪಾಪಾತಿ ಮುಖ ತೋರಿಸಿ ಮಾತಾಡುವುದು ಅದರಲ್ಲೇ ಅಲ್ಲವಾ? ಇರಲಿ. ಅವನನ್ನ ನಾನೇ ಕರೆದದ್ದು."

"ಮಳೆ ಹೇಳುವ ಆ್ಯಪ್. ಇದಕ್ಕೆ ನಾವಿರುವ ಜಾಗ ಬೇಕಂತೆ."

ಹೆತ್ತೆ ಯೋಚಿಸಿದಳು. "ಮಳೆ ಹೇಳಬೇಕಾದರೆ ಊರು ಗೊತ್ತಿರಬೇಕು. ಮನೆ ಏಕೆ ಗೊತ್ತಿರಬೇಕು?"

ನಿವೇತಾ ಪರದೆಯನ್ನು ಹತ್ತಿರದಿಂದ ನೋಡಿದಳು. ಅಲ್ಲಿ ನಿಜವಾಗಿಯೂ ಎರಡು ಆಯ್ಕೆಗಳಿದ್ದವು. ಸರಿಯಾದ ಜಾಗ, ಸುಮಾರು ಜಾಗ. ಅವಳು ಸುಮಾರು ಜಾಗವನ್ನು ಒತ್ತಿದಳು. "ಹೆತ್ತೇ, ನಿನಗೆ ಇದು ಹೇಗೆ ಗೊತ್ತಾಯ್ತು?"

"ಮಳೆ ಎನ್ನ ಮನೆಗೆ ಮಾತ್ರ ಬರ್ತದಾ?"

ಅವ್ವೆ ಬಿದ್ದು ಬಿದ್ದು ನಕ್ಕಳು. ಪಟ್ಟಿ ಮುಗಿಯುವಷ್ಟರಲ್ಲಿ ಹದಿನೊಂದು ಬಾಗಿಲು ಮುಚ್ಚಿದ್ದವು.

"ಕಂಪನಿಯೇ ಹಾಕಿದ ಕೆಲವನ್ನ ತೆಗೆಯಲು ಬರೋದಿಲ್ಲ, ಹೆತ್ತೇ," ಎಂದಳು ನಿವೇತಾ. "ಅವು ಏನು ಮಾಡ್ತವೆ ಅಂತ ಮಿಸ್ಸಿಗೂ ಗೊತ್ತಿಲ್ಲ."

ಹೆತ್ತೆ ಅವಳ ಮುಖವನ್ನೇ ನೋಡಿದಳು. "ಗೊತ್ತಿಲ್ಲ ಅಂತ ಹೇಳಿದ್ದು ಒಳ್ಳೇದಾಯ್ತು," ಎಂದು ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು. "ನಾಳೆ ಎನ್ನ ಫೋಟೋ ಮತ್ತೆ ತೆಗಿ."

*

ಗುರುವಾರ ಸಂಜೆಯ ಫೋಟೋದಲ್ಲಿ ಗೆರೆಯೂ ಇತ್ತು, ಚುಕ್ಕಿಗಳೂ ಇದ್ದವು, ಸುಕ್ಕುಗಳೂ ಇದ್ದವು. ಹೆತ್ತೆ ಪರದೆಯ ಮೇಲೆ ಬೆರಳಿಟ್ಟು ಚುಕ್ಕಿಗಳನ್ನು ಎಣಿಸಿದಳು. "ಈಗ ಇದು ನಾನು," ಎಂದಳು.

ನಿವೇತಾ ರೆಕಾರ್ಡಿಂಗ್ ಒತ್ತಿದಳು.

"ಎನಗೆ ಆಗ ಎಂಟು ವರ್ಷ," ಹೆತ್ತೆ ಶುರುಮಾಡಿದಳು. "ಬೆಳಿಗ್ಗೆ ಅವ್ವೆ ಎನಗೆ ಒಂದು ದೊಡ್ಡ ತುಂಡು ಬೆಲ್ಲ ಕೊಟ್ಟಳು. ಹಬ್ಬವಿಲ್ಲ, ನೆಂಟರಿಲ್ಲ, ಸುಮ್ಮನೆ ಬೆಲ್ಲ. ಆಗಲೇ ಎನಗೆ ಅನುಮಾನ ಬರಬೇಕಿತ್ತು! ಬೆಲ್ಲ ಬಾಯಲ್ಲಿರುವಾಗಲೇ ನಾಲ್ಕು ಹೆಂಗಸರು ಹಿಡಿದು ಕೂರಿಸಿದರು. ಹಚ್ಚೆ ಹಾಕುವ ಹೆಂಗಸು ಮುಳ್ಳನ್ನ ಮಸಿಯಲ್ಲಿ ಅದ್ದಿ ಚುಚ್ಚಿದಳು. ಎನ್ನ ಕೈ ಹಿಡಿದದ್ದು ಅತ್ತೆ. ಅವಳನ್ನ ಕಚ್ಚಿಬಿಟ್ಟೆ. 'ಇವಳ ಹಣೆಗೆ ಹಚ್ಚೆ, ಎನ್ನ ಕೈಗೂ ಹಚ್ಚೆ' ಅಂತ ಅತ್ತೆ ಸಾಯುವವರೆಗೂ ಹಲ್ಲಿನ ಗುರುತು ತೋರಿಸ್ತಿದ್ದಳು. ಎನ್ನದು ಆದ ಮೇಲೆ ಪಾಪಾತಿಯ ಸರದಿ. ಅವಳು ಬಾಗಿಲ ಹಿಂದೆ ನಿಂತು ಎಲ್ಲ ನೋಡ್ತಿದ್ದಳು. ಆಮೇಲೆ ಅವಳು..."

ಹೆತ್ತೆ ಮಾತು ನಿಲ್ಲಿಸಿದಳು. ಕೈ ಎತ್ತಿದಳು.

"ಸಾಕು. ಅದನ್ನ ನಿಲ್ಲಿಸು. ಮುಂದಿನದು ಎನ್ನದು ಮಾತ್ರ ಅಲ್ಲ. ಪಾಪಾತಿಯದೂ."

"ನನಗೂ ಹೇಳೋದಿಲ್ಲವಾ?"

"ನೀನು ಒಳಮನೆಯವಳು."

ನಿವೇತಾ ರೆಕಾರ್ಡಿಂಗ್ ನಿಲ್ಲಿಸಿದಳು. ಫೋನನ್ನು ನೆಲದ ಮೇಲಿಡಲು ಹೋದಳು, ಇಡಲಿಲ್ಲ. ಎದ್ದು ಹೊರಮನೆಗೆ ಹೋಗಿ, ಅದನ್ನು ಕಿಟಕಿಯ ಪಕ್ಕದ ಬೆಂಚಿನ ಮೇಲಿಟ್ಟಳು. ವಾಪಸು ಬಂದು ನಡುಬಾಗಿಲು ಮುಚ್ಚಿ, ಹೆತ್ತೆಯ ಮಂಡಿಗೆ ಮಂಡಿ ತಾಗಿಸಿ ಕೂತಳು.

*

ಶುಕ್ರವಾರ ಪ್ರದರ್ಶನದಲ್ಲಿ ಹೆತ್ತೆಯ ಧ್ವನಿಗೆ ಇಡೀ ಕ್ಲಾಸು ನಕ್ಕಿತು. ಕೈ ಕಚ್ಚಿದ್ದನ್ನು ಮೂರು ಸಲ ಹಾಕಿಸಿ ಕೇಳಿದರು. ಕುನ್ನಪ್ಪನೂ ಬಂದಿದ್ದ. ಫೋಟೋದ ಮುಂದೆ ಬಹಳ ಹೊತ್ತು ನಿಂತು, "ಅವ್ವೆಯ ಹಣೆ ವಾಪಸ್ ಬಂದಿದೆಯಲ್ಲಾ!" ಎಂದ.

"ಒಂಬತ್ತನೇ ಪುಟ ಓದಿದೆಯಾ, ಕುನ್ನಪ್ಪಾ?" ನಿವೇತಾ ಕೇಳಿದಳು.

"ಬೆಳ್ಳುಳ್ಳಿಯೆಲ್ಲ ಮೊರದಲ್ಲಿ ಬಿದ್ದದ್ದು ನಿನ್ನ ಕೆಲಸವಾ!"

ಮನೆಗೆ ಹೋಗುವಾಗ ಭವ್ಯಾ ಅವಳ ತೋಳು ಹಿಡಿದುಕೊಂಡಳು. "ಆಮೇಲೆ ಪಾಪಾತಿ ಏನು ಮಾಡಿದಳು? ನಿನಗೆ ಗೊತ್ತು. ನಿನ್ನ ಮುಖ ನೋಡಿದರೇ ಗೊತ್ತಾಗ್ತದೆ. ಹೇಳೇ!"

ನಿವೇತಾ ಬಾಯಿ ತೆರೆದಳು. ಅದು ಎಂಥ ಕತೆ! ಹೇಳಿದರೆ ಭವ್ಯಾ ದಾರಿಯಲ್ಲೇ ಕೂತು ನಗುತ್ತಾಳೆ. ಅವಳು ಬಾಯಿ ಮುಚ್ಚಿದಳು.

"ಅದು ನನ್ನದಲ್ಲ. ನನ್ನದಾಗಿದ್ದರೆ ಹೇಳ್ತಿದ್ದೆ."

"ನಾನು ನಿನಗೆ ಎಲ್ಲಾ ಹೇಳ್ತೀನಿ!"

"ಹೆತ್ತೆಯನ್ನ ಕೇಳು."

ಭವ್ಯಾ ಮುಖ ಊದಿಸಿಕೊಂಡು ಟೀ ಎಲೆಯ ಲಾರಿ ನಿಲ್ಲುವ ಜಾಗದವರೆಗೆ ಮಾತಾಡಲಿಲ್ಲ. ಅಲ್ಲಿಂದ ಮುಂದೆ ತಡೆಯಲಾಗಲಿಲ್ಲ. "ಹೆತ್ತೆ ಹೇಳ್ತಾಳಾ?"

"ಗೊತ್ತಿಲ್ಲ. ಹೇಳಬಹುದು."

ಇಬ್ಬರೂ ಓಡಿದರು. ಭವ್ಯಾ ಯಾವಾಗಲೂ ಚಪ್ಪಲಿ ಬಿಟ್ಟು ಸೀದಾ ಒಲೆಯ ಹತ್ತಿರ ನುಗ್ಗುವವಳು. ಇವತ್ತು ಹೊರಮನೆಯಲ್ಲೇ ನಿಂತಳು. ಗೂಡು ಖಾಲಿಯಾಗಿತ್ತು. ಒಳಗೆ ಕೊಳಗದಿಂದ ಮೊರಕ್ಕೆ ಅಕ್ಕಿ ಸುರಿಯುವ ಸದ್ದು ಕೇಳಿಸಿತು.

ನಿವೇತಾ ಫೋನನ್ನು ಬ್ಯಾಗಿನಿಂದ ತೆಗೆದು ಬೆಂಚಿನ ಮೇಲಿಟ್ಟಳು.

"ಆರು ಬಂದದ್ದು?" ಒಳಗಿನಿಂದ ಹೆತ್ತೆ ಕೂಗಿದಳು.

ಭವ್ಯಾ ನಿವೇತಾಳ ಕಡೆ ನೋಡಿದಳು. ನಿವೇತಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ನಡುಬಾಗಿಲಿನ ಮುಂದೆ ಭವ್ಯಾಳಿಗೆ ಜಾಗ ಬಿಟ್ಟಳು.